ಹಡಗಲಿ ಹುಡುಗರ ‘ಕಲ್ಯಾಣ’ಕ್ಕೆ ಮದುಮಗಳು ಬೇಕಾಗಿದ್ದಾಳೆ!

ರಾಜ ಸಿಕ್ಕಿದ್ದಾನೆ. ಮಂತ್ರಿ ಸಿಕ್ಕಿದ್ದಾನೆ. ಭಂಡಾರದ ಲೆಕ್ಕ ಬರೆಯುವವನು, ರಾಜನ ಕಿವಿ ಕಚ್ಚುವವನು, ಕತ್ತಿ ಹಿಡಿದು ಸುಮ್ಮನೆ ನಿಲ್ಲುವ ಭಟರಿಬ್ಬರು, ಎಲ್ಲರೂ ಸಿಕ್ಕಿದ್ದಾರೆ. ಆನೆ ಕೂಡ ಸಿಕ್ಕಿದೆ. ಬಿದಿರು ದಬ್ಬೆಗೆ ಗೋಣಿತಟ್ಟು ಹೊಲಿದು, ಮಸಿ ಬಳಿದು, ಗೋಡೆಗೆ ಆನಿಸಿ ನಿಲ್ಲಿಸಿದ್ದಾರೆ. ಸಿಗದೇ ಇರುವುದು ಮದುಮಗಳು ಒಬ್ಬಳೇ.

ಹೂವಿನಹಡಗಲಿಯ ಕೆಲವು ಹುಡುಗರು ಸೇರಿ ನಾಟಕ ಎತ್ತಿಕೊಂಡಿದ್ದಾರೆ. ಕಂಪನಿ ನಾಟಕವಲ್ಲ, ಕಾಲೇಜ್ ಡೇಗೆ ಆಡುವ ಅರ್ಧ ತಾಸಿನ ನಗೆನಾಟಕವೂ ಅಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದ ಕಥೆ. ಮಾತು ಅರ್ಧ, ಹಾಡು ಅರ್ಧ. ಸಂಘಕ್ಕೆ ಇನ್ನೂ ಹೆಸರಿಟ್ಟಿಲ್ಲ. ರಿಜಿಸ್ಟರ್ ಆಗಿಲ್ಲ. ರಸೀದಿ ಪುಸ್ತಕ ಅಚ್ಚು ಹಾಕಿಸಿಲ್ಲ. ಇರುವುದು ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಒಂದು ತಾಳದ ಜೋಡಿ ಮತ್ತು ರಾತ್ರಿ ಒಂಬತ್ತರ ಮೇಲೆ ಬಿಡುವಾಗುವ ಹನ್ನೊಂದು ಮಂದಿ.

ಒಬ್ಬ ಮೊಬೈಲ್ ರಿಪೇರಿ ಅಂಗಡಿಯವನು. ಒಬ್ಬ ಐ.ಟಿ.ಐ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವವನು. ಒಬ್ಬ ಬೆಳಗಿನ ಜಾವ ಮಲ್ಲಿಗೆ ಮೂಟೆ ಬಸ್ಸಿಗೆ ಏರಿಸುವವನು. ತಾಲೀಮಿನ ನಡುವೆ ತೂಕಡಿಸಿದರೆ ಯಾರೂ ಬೈಯುವುದಿಲ್ಲ. ಬಿಜ್ಜಳ ರಾಜನ ಪಾರ್ಟಿನವನು ಹಗಲಲ್ಲಿ ಆಟೋ ಓಡಿಸುತ್ತಾನೆ. “ಸಾರ್, ಹಗಲೆಲ್ಲ ಪೊಲೀಸ್ರು ನನ್ನ ನಿಲ್ಲಿಸ್ತಾರ, ರಾತ್ರಿ ನಾ ಎಲ್ಲರನ್ನೂ ನಿಲ್ಲಿಸ್ತೀನಿ,” ಎಂದು ನಕ್ಕ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ.

ಕಥೆ ಗೊತ್ತಿದ್ದದ್ದೇ

ಕಥೆ ಓದುಗರಿಗೆ ಹೊಸದಲ್ಲ. ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ಒಡೆಯರ ಪಟ್ಟವನ್ನೇ ಕಿತ್ತುಕೊಂಡು ಕಲ್ಯಾಣ ಆಳಿದ. ಅವನ ಭಂಡಾರಿ ಬಸವಣ್ಣ. ಬಸವಣ್ಣನ ಸುತ್ತ ಮಡಿವಾಳ, ಅಂಬಿಗ, ಹಡಪದ, ಕಟ್ಟಿಗೆ ಮಾರುವವ, ಚಪ್ಪಲಿ ಹೊಲಿಯುವವ ಎಲ್ಲರೂ ಸೇರಿದರು. ದುಡಿದು ತಿನ್ನುವವನೇ ದೊಡ್ಡವನು ಎಂದರು. ಮಾತಿನಲ್ಲಿ ಹೇಳಿಕೊಂಡಿರುವ ತನಕ ಊರು ಸುಮ್ಮನಿತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು ಎಂದಾಗ ಊರು ಸುಮ್ಮನಿರಲಿಲ್ಲ. ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ‘ಎಳೆಹೂಟೆ’ ಎಂದು ಆ ಶಿಕ್ಷೆಗೆ ಹೆಸರು. ಆಮೇಲೆ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ಇದೆಲ್ಲ ಸುಮಾರು 1167ರ ಹೊತ್ತಿನ ಮಾತು.

ಎಂಟೂವರೆ ನೂರು ವರ್ಷ ಆಯಿತಲ್ಲ, ಈಗೇನು ತಕರಾರು ಎಂದು ಕೇಳಬೇಡಿ. ತಕರಾರು ಇರುವುದಕ್ಕೇ ಈ ವರದಿ.

ಕಲ್ಯಾಣ ನಮಗೆ ದೂರದ ಊರೂ ಅಲ್ಲ. ಹಿರೇಹಡಗಲಿಯ ಕಲ್ಲೇಶ್ವರ, ಮಾಗಳದ ಸೂರ್ಯನಾರಾಯಣ ಗುಡಿಗಳ ಕಂಬ ನೋಡಿದವರಿಗೆ ಗೊತ್ತು. ಅವು ಕಲ್ಯಾಣದಿಂದ ಆಳಿದ ಚಾಲುಕ್ಯರ ಕಾಲದ ಕೆಲಸ. 1953ರ ತನಕ ನಾವು ಮದ್ರಾಸು ರಾಜ್ಯದವರಾಗಿದ್ದೆವು, ಆಮೇಲೆ ಮೈಸೂರು ರಾಜ್ಯದವರು, 2021ರ ತನಕ ಬಳ್ಳಾರಿ ಜಿಲ್ಲೆಯವರು, ಈಗ ವಿಜಯನಗರ ಜಿಲ್ಲೆಯವರು. 2019ರಲ್ಲಿ ಸರ್ಕಾರ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟಿತು. ನಾವೂ ಅದರೊಳಗೆ ಬಂದೆವು. 2024ರ ಜನವರಿಯಲ್ಲಿ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿಯೂ ಆಯಿತು. ಫೋಟೋ ಗೋಡೆಗೆ ಏರಿದೆ. ಹುಡುಗರು ಫೋಟೋದಿಂದ ಕೆಳಗಿಳಿಸಿ ಮಾತಾಡಿಸಲು ಹೊರಟಿದ್ದಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಆಡಿದವರು ಬಹಳ, ಅರಗಿಸಿಕೊಂಡವರು ಕಡಿಮೆ

ಬಸವಣ್ಣನ ನಾಟಕ ನಮ್ಮ ಕಡೆಯ ಹಿರಿಯರಿಗೆ ಹೊಸದಲ್ಲ. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ ನೋಡಲು ಜನ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಾಳಪ್ಪನವರು ಬಸವಣ್ಣನಾಗಿ ಪರದೆಯಾಚೆಯಿಂದ ಬಂದರೆ ಹೆಣ್ಣುಮಕ್ಕಳು ಕೂತಲ್ಲೇ ಕೈ ಮುಗಿಯುತ್ತಿದ್ದರಂತೆ. 1914ರಲ್ಲಿ ಹುಟ್ಟಿದ ಅವರು 2017ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಆದರೆ ಕೈ ಮುಗಿಸಿಕೊಳ್ಳುವ ಬಸವಣ್ಣ ಬೇರೆ, ಪ್ರಶ್ನೆ ಕೇಳಿಸಿಕೊಳ್ಳುವ ಬಸವಣ್ಣ ಬೇರೆ. ಹೊಸ ಕಾಲದ ನಾಟಕಕಾರರು ಎರಡನೆಯವನನ್ನು ರಂಗಕ್ಕೆ ತಂದರು. ಪಿ. ಲಂಕೇಶರ ‘ಸಂಕ್ರಾಂತಿ’ 1970ರ ದಶಕದ ಆರಂಭದ್ದು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರದು. ಸಮುದಾಯ ತಂಡಕ್ಕೆ ಸಿ.ಜಿ.ಕೆ. ಅದನ್ನು ಆಡಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ 1990ರದು. ದೇಶದಲ್ಲಿ ಮಂದಿರ, ಮಂಡಲ ಎಂದು ಬೆಂಕಿ ಹತ್ತಿದ್ದ ಹೊತ್ತು. ಅದಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಮಹಾಚೈತ್ರ’ ರಂಗದ ಮೇಲೆ ಇದ್ದಷ್ಟು ದಿನ ಹೆಚ್ಚು ಸದ್ದಿರಲಿಲ್ಲ. 1990ರ ದಶಕದಲ್ಲಿ ಅದು ಕಾಲೇಜಿನ ಪಠ್ಯವಾದಾಗ ಮೆರವಣಿಗೆ, ಹೇಳಿಕೆ, ಪ್ರತಿಹೇಳಿಕೆ ಎಲ್ಲ ಆಗಿ ಪಠ್ಯದಿಂದ ಹೊರಗೆ ಹೋಯಿತು.

ಹಡಗಲಿ ಹುಡುಗರು ಈ ಮೂರನ್ನೂ ಗ್ರಂಥಾಲಯದಿಂದ ತಂದು ಓದಿದ್ದಾರೆ. ಆದರೆ ಮೂರರಲ್ಲಿ ಯಾವುದನ್ನೂ ಎತ್ತಿಕೊಂಡಿಲ್ಲ. ಪೂರ್ತಿ ನಾಟಕ ಆಡಲು ಇಷ್ಟು ಜನ ಸಾಲದು, ಕತ್ತರಿಸಿ ಆಡಲು ಬರೆದವರ ಹಕ್ಕುದಾರರ ಒಪ್ಪಿಗೆ ಬೇಕು. ಹಾಗಾಗಿ ವಚನಗಳನ್ನು ಹಾಡಾಗಿ ಮುಂದಿಟ್ಟುಕೊಂಡು, ನಡುನಡುವೆ ತಮ್ಮದೇ ಮಾತು ಹೆಣೆದು, ಒಂದೂವರೆ ತಾಸಿನ ಆಟ ಕಟ್ಟಿದ್ದಾರೆ. ಮಾತು ಹಡಗಲಿಯದೇ. ಹರಳಯ್ಯ “ಏನ್ ಮಾಡೂದ್ರಿ ಅಣ್ಣಾರ” ಎನ್ನುತ್ತಾನೆ. ಕೇಳುವುದಕ್ಕೆ ಚೆಂದ.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಇತಿಹಾಸ ಕಲಿತದ್ದು ಕ್ಲಾಸಿನಲ್ಲಿ ಅಲ್ಲ, ಇಂಥ ನಾಟಕಗಳ ಮುಂದೆ ಚಾಪೆ ಹಾಸಿ ಕೂತು. ಅದಕ್ಕೇ ಈ ಹುಡುಗರ ಮೇಲೆ ಸ್ವಲ್ಪ ಪಕ್ಷಪಾತ ಇದ್ದರೆ ಓದುಗರು ಕ್ಷಮಿಸಬೇಕು.

ನೀರಲ್ಲಿ ಮುಳುಗಿದ ಊರಿನವರು ಕಟ್ಟಿದ ರಂಗ

ಹಡಗಲಿಯಲ್ಲಿ ನಾಟಕದ ಹುಚ್ಚು ಇವರಿಂದ ಶುರುವಾದದ್ದಲ್ಲ. ಇಲ್ಲಿ ರಂಗದ ಮಾತು ಬಂದರೆ ಮೊದಲು ಬರುವ ಹೆಸರು ಎಂ.ಪಿ. ಪ್ರಕಾಶ್. ಅವರು ಹುಟ್ಟಿದ್ದು 1940ರಲ್ಲಿ, ನಾರಾಯಣದೇವರಕೆರೆಯಲ್ಲಿ. ಆ ಊರು ತುಂಗಭದ್ರಾ ಡ್ಯಾಮಿನ ಹಿನ್ನೀರಲ್ಲಿ ಮುಳುಗಿತು. ವಕೀಲಿ ಮಾಡಿದರು, 1980ರ ದಶಕದಲ್ಲಿ ಹಡಗಲಿಯಿಂದ ಆರಿಸಿ ಹೋಗಿ ಮಂತ್ರಿಯಾದರು, 2005ರಲ್ಲಿ ಉಪಮುಖ್ಯಮಂತ್ರಿಯೂ ಆದರು. ಹಂಪಿ ಉತ್ಸವ ಎಂದರೆ ಇವತ್ತಿಗೂ ಅವರ ಹೆಸರು ಬರುತ್ತದೆ. ಆದರೆ ಹಡಗಲಿಯ ಹಳಬರಿಗೆ ಅವರು ಮೊದಲು ‘ರಂಗಭಾರತಿ’ ಕಟ್ಟಿದವರು, ಆಮೇಲೆ ಮಂತ್ರಿ. ರಾಜಧಾನಿಯ ಹವ್ಯಾಸಿ ತಂಡಗಳು ಆಡುವ ನಾಟಕವನ್ನು ಒಂದು ತಾಲ್ಲೂಕು ಕೇಂದ್ರದ ಜನರೂ ನೋಡಬಹುದು, ತಾವೇ ಆಡಲೂಬಹುದು ಎಂದು ತೋರಿಸಿದ್ದು ಆ ಸಂಸ್ಥೆ. 2011ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಆಗ ಈ ಹುಡುಗರು ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದರು.

ಅದಕ್ಕೂ ಹಿಂದೆ ಹೋದರೆ ಇಡೀ ಸೀಮೆಯೇ ಬಯಲಾಟದ್ದು. ಕುಮಾರರಾಮನ ಕಥೆಗೆ ಬೆಳಗಿನ ಜಾವದ ತನಕ ಕೂತ ಜನ ಇವರು. ಮೈಲಾರದ ಕಾರಣಿಕ ನೆನಪಿಸಿಕೊಳ್ಳಿ. ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಎಂದರೆ ಲಕ್ಷಗಟ್ಟಲೆ ಜನ ಒಂದೇ ಉಸಿರಿಗೆ ಗಪ್ಪಾಗುತ್ತಾರೆ. ಮೈಕಿಲ್ಲದ ಕಾಲದಲ್ಲೂ ಹಾಗೇ. ಒಂದು ಮಾತಿಗಾಗಿ ಅಷ್ಟು ಜನ ಕಾಯುವ ಊರಲ್ಲಿ ನಾಟಕಕ್ಕೆ ಪ್ರೇಕ್ಷಕರಿಲ್ಲ ಎನ್ನುವುದು ಸುಳ್ಳು.

ಹಾಡಿಗೂ ಬರವಿಲ್ಲ. ಹೊಳೆ ದಾಟಿದರೆ ಗದಗ ಜಿಲ್ಲೆ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕೊಟ್ಟರು. ಆಶ್ರಮದ ಖರ್ಚಿಗೆ ನಾಟಕ ಕಂಪನಿಯನ್ನೂ ನಡೆಸಿದರು. ಪುಟ್ಟರಾಜರು ತಾವೇ ನಾಟಕ ಬರೆದರು. ಹಾಗಾಗಿ ನಮ್ಮ ಕಡೆ ಹಾರ್ಮೋನಿಯಂ ಮಾಸ್ತರರಿಗೆ ಹಾಡೂ ಬರುತ್ತದೆ, ನಾಟಕವೂ ಬರುತ್ತದೆ. ಈ ತಂಡಕ್ಕೆ ಸಿಕ್ಕ ಮಾಸ್ತರರೂ ಅಂಥವರೇ. ಎಪ್ಪತ್ತು ದಾಟಿದೆ. ಹುಡುಗರು ಕ್ಯಾಸಿಯೋ ತರ್ತೀವಿ ಎಂದಾಗ, “ತರ್ರಿ, ನಾ ಮನೀಗೆ ಹೋಗ್ತೀನಿ,” ಎಂದರಂತೆ. ಕ್ಯಾಸಿಯೋ ಬರಲಿಲ್ಲ.

ಕೇಳಿದ್ದು ಒಂದೇ ಪ್ರಶ್ನೆ

ಇನ್ನು ಮದುಮಗಳ ವಿಷಯ.

ಮದುಮಗಳ ಪಾರ್ಟಿಗೆ ಹುಡುಗಿ ಇದ್ದಳು. ಡಿಗ್ರಿ ಓದುತ್ತಾಳೆ, ಚೆನ್ನಾಗಿ ಹಾಡುತ್ತಾಳೆ. ತಂದೆ ಖುಷಿಯಿಂದಲೇ ಕಳಿಸುತ್ತಿದ್ದರು. ಬಸವಣ್ಣನ ನಾಟಕ, ಒಳ್ಳೇದೇ ಅಲ್ಲವೇ ಎಂದು. ಎರಡು ವಾರ ತಾಲೀಮು ನಡೆಯಿತು. ಒಂದು ರಾತ್ರಿ ಮಗಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲಿ ನಿಂತು ಮದುವೆ ಸೀನು ನೋಡಿದರು. ಮಾರನೇ ದಿನ ಬಂದು ಕೇಳಿದ್ದು ಒಂದೇ ಪ್ರಶ್ನೆ.

ಯಾವ ನಾಟಕ ಎಂದು ಕೇಳಲಿಲ್ಲ. ಯಾವತ್ತು ಪ್ರದರ್ಶನ ಎಂದು ಕೇಳಲಿಲ್ಲ. “ಮದುಮಗ ಯಾರ ಪೈಕಿ?” ಎಂದು ಕೇಳಿದರು.

ಹರಳಯ್ಯನ ಮಗನ ಪಾರ್ಟು ಮಾಡುತ್ತಿರುವ ಹುಡುಗ ಅಲ್ಲೇ ಇದ್ದ. ಯಾವ ಓಣಿಯವನು ಎಂದು ಊರಿಗೆಲ್ಲ ಗೊತ್ತು. ಅವನೇ ಮುಂದೆ ಬಂದು, “ಯಪ್ಪಾ, ನಾ ಬೇಕಾದ್ರ ಭಟ ಆಗ್ತೀನಿ, ಇವರು ಯಾರಾದ್ರೂ ಮದುಮಗ ಆಗ್ಲಿ, ನಾಟಕ ನಿಲ್ಲೂದು ಬ್ಯಾಡ,” ಎಂದ. ಉಳಿದವರು ಒಪ್ಪಲಿಲ್ಲ. “ನೀ ಭಟ ಆದ್ರ ನಾವು ಆಡೂ ನಾಟಕಕ್ಕ ಏನ್ ಅರ್ಥ ಐತಿ?” ಎಂದರು. ತಂದೆ ಜಗಳ ಮಾಡಲಿಲ್ಲ. ಮಗಳನ್ನು ಕರೆದುಕೊಂಡು ಹೋದರು.

ಆ ತಂದೆಯನ್ನು ಈ ವರದಿಗಾರ ಹೋಗಿ ಕಂಡ. ಕೆಟ್ಟ ಮನುಷ್ಯರಲ್ಲ. ಚಹಾ ಕೊಟ್ಟರು. ಮನೆಯಲ್ಲಿ ಬಸವಣ್ಣನ ಫೋಟೋ ಇದೆ, ಊದುಬತ್ತಿ ಹಚ್ಚಿದ್ದರು. “ನನಗೇನೂ ಭೇದ ಇಲ್ರಿ,” ಎಂದರು. “ಆದ್ರ ಈಗ ಎಲ್ಲರ ಕೈಯಾಗೂ ಮೊಬೈಲ್ ಐತಿ. ಹಾರ ಹಾಕೂದಷ್ಟೇ ಕಟ್ ಮಾಡಿ ಬಿಡ್ತಾರ. ನೋಡಿದವರಿಗೆ ಅದು ನಾಟಕ ಅಂತ ಯಾರು ಹೇಳ್ತಾರ? ನಾಳೆ ಹುಡುಗಿಗೆ ಗಂಡು ಬರ್ತಾವ. ನೀವು ಪೇಪರಿನವರು ಬಂದು ಬೀಗರಿಗೆ ಸಮಾಧಾನ ಹೇಳ್ತೀರೇನು?”

ನನ್ನ ಹತ್ತಿರ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದೆ. ಹೊಸ್ತಿಲು ದಾಟುವಾಗ ಒಂದು ಮಾತು ಹೊಳೆಯಿತು. ಹೇಳಲು ಧೈರ್ಯ ಸಾಲಲಿಲ್ಲ, ಇಲ್ಲಿ ಬರೆಯುತ್ತೇನೆ. ಮದುಮಗ ಬೇರೆ ಓಣಿಯವನಾಗಿದ್ದರೆ ಅದೇ ಮೊಬೈಲು, ಅದೇ ಹಾರ, ಅದೇ ವಿಡಿಯೋ. ಆಗ ಅವರು ಬಾಗಿಲಲ್ಲೇ ನಿಂತು ಚಪ್ಪಾಳೆ ಹೊಡೆಯುತ್ತಿದ್ದರೋ ಏನೋ.

ಮೂರು ದಾರಿ, ಮೂರಕ್ಕೂ ಮುಳ್ಳು

ಹುಡುಗರ ಮುಂದೆ ಈಗ ಮೂರು ದಾರಿ ಇವೆ.

ಮೊದಲನೆಯದು, ಹೊರಗಿನಿಂದ ಕಲಾವಿದೆಯನ್ನು ಕರೆಸುವುದು. ನಮ್ಮ ಹಳ್ಳಿಗಳ ಸಾಮಾಜಿಕ ನಾಟಕಗಳು ನಡೆಯುವುದೇ ಹಾಗೆ. ಗಂಡು ಪಾರ್ಟೆಲ್ಲ ಊರ ಹುಡುಗರದು. ಸೀನರಿ, ಲೈಟು, ಪಾತ್ರಧಾರಿಣಿಯರು ಬಾಡಿಗೆಗೆ. ಪಕ್ಕದ ಮರಿಯಮ್ಮನಹಳ್ಳಿ ರಂಗ ಕಲಾವಿದೆಯರ ಊರೆಂದೇ ಹೆಸರಾದದ್ದು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಇರುವುದೂ ಅಲ್ಲೇ. ಆ ಕಲಾವಿದೆಯರು ಎಷ್ಟೋ ಊರಿನ ನಾಟಕದ ಮಾನ ಉಳಿಸಿದ್ದಾರೆ. ಆದರೆ ಸಂಭಾವನೆಗೆ ದುಡ್ಡು ಬೇಕು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಊರ ಹೆಣ್ಣುಮಗಳಿಗೆ ಆಗದ ಪಾರ್ಟು, ಹೊರಗಿನವಳಿಗಾದರೆ ಆದೀತು ಎಂದು ನಾವೇ ಒಪ್ಪಿದಂತಾಗುತ್ತದೆ. ಅವಳು ಯಾರ ಮಗಳೂ ಅಲ್ಲವೇ?

ಎರಡನೆಯದು, ಹುಡುಗನಿಗೇ ಸೀರೆ ಉಡಿಸುವುದು. ಹಾರ್ಮೋನಿಯಂ ಮಾಸ್ತರರು ತಮ್ಮ ಹರೆಯದಲ್ಲಿ ಹಾಗೆ ಮಾಡಿದವರೇ. “ನಾ ಸೀರಿ ಉಟ್ಟು ಬಂದ್ರ ನಮ್ಮವ್ವನೇ ಗುರ್ತು ಹಿಡೀತಿರಲಿಲ್ಲ,” ಎನ್ನುತ್ತಾರೆ. ಆದರೆ ಇದು ಹಿಂದಕ್ಕೆ ನಡೆದಂತೆ. ನೂರು ವರ್ಷದ ಹಿಂದೆಯೇ ಇದೇ ಸೀಮೆಯ ಬಳ್ಳಾರಿ ರಾಘವರು ಹೆಣ್ಣು ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಎಂದು ಹಟ ಹಿಡಿದವರು. ರಾಘವರೂ ವಕೀಲರು, ತೆಲುಗು ಕನ್ನಡ ಎರಡೂ ರಂಗಕ್ಕೆ ಬೇಕಾದವರು; 1946ರಲ್ಲಿ ತೀರಿಕೊಂಡರು. ಆಮೇಲೆ ಬಳ್ಳಾರಿಯಲ್ಲಿ ಸುಭದ್ರಮ್ಮ ಮನ್ಸೂರು ಅರ್ಧ ಶತಮಾನಕ್ಕೂ ಹೆಚ್ಚು ರಂಗದ ಮೇಲೆ ಹಾಡಿ ಆಡಿ, 2020ರಲ್ಲಿ ಹೋದರು. ಇಷ್ಟೆಲ್ಲ ಆದ ಮೇಲೆ ಮತ್ತೆ ಹುಡುಗನಿಗೆ ಸೀರೆ ಸುತ್ತಿದರೆ ಜನ ನಗುತ್ತಾರೆ. ಮದುವೆ ಸೀನಿನಲ್ಲಿ ಜನ ನಕ್ಕರೆ ಮುಂದೆ ಆನೆ ಸೀನಿಗೆ ಅಳುವವರು ಯಾರು?

ಮೂರನೆಯದು, ಮದುವೆ ಸೀನೇ ತೆಗೆದುಬಿಡುವುದು. ಹಿರಿಯರೊಬ್ಬರು ಈ ಸಲಹೆಯನ್ನೂ ಕೊಟ್ಟರು. “ಮದುವಿ ಆತು ಅಂತ ಒಂದು ಮಾತು ಹೇಳಿ ಮುಂದಕ್ಕ ಹೋಗ್ರಿ, ಯಾರಿಗೂ ಬ್ಯಾಸರ ಆಗಲ್ಲ.” ಅಂದರೆ ಶಿಕ್ಷೆ ತೋರಿಸಬಹುದು, ತಪ್ಪು ಎಂದವರ ಕಣ್ಣಿಗೆ ‘ತಪ್ಪು’ ಮಾತ್ರ ಬೀಳಬಾರದು.

ತಂಡವನ್ನು ನಡೆಸುತ್ತಿರುವ ಮೊಬೈಲ್ ಅಂಗಡಿ ಹುಡುಗ ಇದಕ್ಕೆ ಸುತಾರಾಂ ಒಪ್ಪಲಿಲ್ಲ. “ಸಾರ್, ವಚನ ಹಾಡಿದ್ರ ಎಲ್ಲರೂ ತಲಿ ತೂಗ್ತಾರ. ಮಾತಿಗೆ ಯಾರದೂ ತಕರಾರಿಲ್ಲ. ಕಲ್ಯಾಣದಾಗೂ ಹಂಗೇ ಇತ್ತಲ್ಲ? ಮದುವಿ ಆದ ಮ್ಯಾಲೇ ಗದ್ದಲ ಆದದ್ದು. ಮದುವಿ ತೆಗೆದ್ರ ನಾವು ಆಡೂದು ಭಜನಿ,” ಎಂದ. ಇವನು ಇತಿಹಾಸ ಎಂ.ಎ. ಮಾಡಿದವನಲ್ಲ. ಆದರೆ ಕಲ್ಯಾಣದಲ್ಲಿ ಏನಾಯಿತು ಎಂದು ಇದಕ್ಕಿಂತ ಚುಟುಕಾಗಿ ಹೇಳಿದವರನ್ನು ನಾನು ಕೇಳಿಲ್ಲ.

ಹತ್ತು ಗಂಟೆಯ ಕತ್ತರಿ

ಇದರ ಮೇಲೆ ಇತರ ತಾಪತ್ರಯಗಳು ಇದ್ದೇ ಇವೆ. ಮೊದಲೆಲ್ಲ ನಾಟಕ ಎಂದರೆ ರಾತ್ರಿ ಹತ್ತಕ್ಕೆ ಶುರು, ಕೋಳಿ ಕೂಗುವಾಗ ಮಂಗಳ. 2000ರ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ಹತ್ತಕ್ಕೆ ಬಯಲಿನಲ್ಲಿ ಮೈಕು ಬಂದ್ ಆಗಬೇಕು. ಅಂಗಡಿ ಮುಚ್ಚಿ, ಹಾಲು ಹಿಂಡಿ, ಉಂಡು ಜನ ಬರುವುದೇ ಒಂಬತ್ತಕ್ಕೆ. ಉಳಿಯುವುದು ಒಂದು ತಾಸು. ಹುಡುಗರು ಹೇಳುವುದು ಬೇರೆ: ಮೈಕೇ ಬೇಡ. ಮೂರು ಕಡೆ ಜನ ಕೂರಿಸಿ ನಡುವೆ ಆಡುತ್ತೇವೆ, ಬಯಲಾಟದವರು ಮೈಕು ಇಟ್ಟುಕೊಂಡು ಹುಟ್ಟಿದ್ದರೇ? ಮಾಸ್ತರರು ತಲೆಯಾಡಿಸಿದರು. ಅದಕ್ಕೆ ತಕ್ಕಂತೆ ಶ್ರುತಿ ಏರಿಸಿ ಗಂಟಲು ಬಿಡಿಸುತ್ತಿದ್ದಾರೆ.

ಸೀನರಿ ಇಲ್ಲ, ಪರದೆ ಇಲ್ಲ. ಒಂದು ಕಂಬಳಿ. ಹಾಸಿದರೆ ಅನುಭವ ಮಂಟಪ, ಹೊದ್ದರೆ ಕಾಯಕದವನ ಮನೆ, ಎತ್ತಿ ಹಿಡಿದರೆ ಅರಮನೆ ಬಾಗಿಲು. ಖರ್ಚು ಉಳಿಸಲು ಮಾಡಿದ್ದು ಎನ್ನುತ್ತಾರೆ. ನೋಡಲು ಮಾತ್ರ ಬಾಡಿಗೆ ಸೀನರಿಗಿಂತ ಚೆನ್ನಾಗಿದೆ. ಸಾಣೇಹಳ್ಳಿಯ ಶಿವಸಂಚಾರ, ಹೆಗ್ಗೋಡಿನ ನೀನಾಸಂ ತಿರುಗಾಟದ ತಂಡಗಳು ಊರೂರು ತಿರುಗಿ ಕಲಿಸಿದ ಪಾಠ ಇದು: ಹೊರೆ ಕಡಿಮೆ ಇದ್ದರೆ ನಾಟಕ ದೂರ ಹೋಗುತ್ತದೆ.

ಕೊನೆಗೆ ಕಂಡದ್ದು

ಮೊನ್ನೆ ರಾತ್ರಿ ಮತ್ತೆ ತಾಲೀಮಿಗೆ ಹೋಗಿದ್ದೆ. ಒಂದು ಹೊಸ ಬೆಳವಣಿಗೆ.

ಆ ಹುಡುಗಿ ಬಂದಿದ್ದಳು, ತಾಯಿಯ ಜೊತೆ. ಹಾರ್ಮೋನಿಯಂ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಮನೆಯಲ್ಲಿ ನಾಲ್ಕು ದಿನ ಊಟ ಬಿಟ್ಟು ಒಂದು ರಾಜಿ ಮಾಡಿಸಿಕೊಂಡಿದ್ದಾಳೆ. ಹಾಡಬಹುದು, ಪಾರ್ಟು ಮಾಡುವಂತಿಲ್ಲ. ಮೇಳದಲ್ಲಿ ಕೂರಬಹುದು, ಎದ್ದು ನಿಲ್ಲುವಂತಿಲ್ಲ.

ಮದುವೆ ಸೀನು ಬಂತು. ಹರಳಯ್ಯನ ಮಗ ಎದ್ದು ನಡುವೆ ನಿಂತ. ಕೈಯಲ್ಲಿ ನಮ್ಮೂರ ಮಲ್ಲಿಗೆ ಹಾರ; ಮಾರಿ ಉಳಿದದ್ದನ್ನು ಹೂವಿನ ಹುಡುಗ ಪೋಣಿಸಿ ತಂದದ್ದು. ಎದುರಿಗೆ ಯಾರೂ ಇಲ್ಲ. ಮದುಮಗಳ ಹಾಡನ್ನು ಅವಳು ಕೂತಲ್ಲಿಂದಲೇ ಹಾಡಿದಳು. ಹಾಡು ಮುಗಿಯುವ ತನಕ ಹುಡುಗ ಖಾಲಿ ಜಾಗದ ಮುಂದೆ ಹಾರ ಹಿಡಿದು ನಿಂತಿದ್ದ. ಯಾರೂ ಕೆಮ್ಮಲಿಲ್ಲ. ಆಟೋ ಓಡಿಸುವ ಬಿಜ್ಜಳ ರಾಜ ಮುಖ ಆಚೆ ತಿರುಗಿಸಿಕೊಂಡ. ಹುಡುಗಿಯ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

ಮದುಮಗಳು ಸಿಗದಿದ್ದರೆ ಹೀಗೇ ಆಡುತ್ತೇವೆ ಎನ್ನುತ್ತಾರೆ ಹುಡುಗರು. ಸಿಕ್ಕರೆ ಹಾರ ಹಾಕಿಸುತ್ತೇವೆ ಎನ್ನುತ್ತಾರೆ.

ಹೊರಗೆ ಬರುವಾಗ ಆ ತಾಯಿ ಈ ವರದಿಗಾರನನ್ನು ತಡೆದು, ದನಿ ತಗ್ಗಿಸಿ ಒಂದು ಮಾತು ಕೇಳಿದರು: “ತಮ್ಮಾ, ಈ ಮದುವಿ ಸೀನು ಎಷ್ಟು ಹೊತ್ತಿಂದು?”

“ಐದು ನಿಮಿಷದ್ದು, ಅಮ್ಮಾ,” ಎಂದೆ.

“ಐದೇ ನಿಮಿಷ,” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಮಗಳನ್ನು ಕರೆದುಕೊಂಡು ಹೊರಟರು.

ಪ್ರದರ್ಶನದ ದಿನ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ಕೂಡಲೇ ಇದೇ ಅಂಕಣದಲ್ಲಿ ತಿಳಿಸುತ್ತೇವೆ. ಓದುಗರು ಮನೆಮಂದಿ ಸಮೇತ ಬರಬೇಕು. ಬರುವಾಗ ಮೊಬೈಲು ಮನೆಯಲ್ಲೇ ಬಿಟ್ಟು ಬಂದರೆ ಉಪಕಾರವಾದೀತು.